ಹಿಂದಿನ ಗಾಜಿನ ಮೇಲಿನ ಹೆಸರು

ಜೂನ್ 12, ಗುರುವಾರ

ಒಂದು ಸುಳ್ಳು ಹೇಳಿ ಬಂದಿದ್ದೇನೆ.

ಹೋದ ವಾರ ಸೂಳಗಿರಿ ಹತ್ತಿರ ನಿಂತಿದ್ದ ನನ್ನ ಕಾರಿಗೆ ಟೆಂಪೊ ಹಿಂದಿನಿಂದ ಗುದ್ದಿ ಗಾಜು ಪುಡಿಯಾಗಿತ್ತು. ತಪ್ಪು ತನ್ನದೇ ಎಂದು ಡ್ರೈವರ್ ಒಪ್ಪಿಕೊಂಡ. ಇನ್ಶೂರೆನ್ಸ್‌ನವರು ಕಳಿಸಿದ ಸರ್ವೇಯರ್ ಫೋಟೊ ತೆಗೆಯುತ್ತಾ, "ಗ್ಲಾಸ್‌ಗೆ ಕ್ಲೈಮ್ ಬತ್ತದೆ ಸಾರ್, ಮೇಲಿನ ಸ್ಟಿಕ್ಕರ್‌ಗೆ ಬರಕಿಲ್ಲ" ಅಂದಿದ್ದ. ಅದು ಮಗಳ ಹೆಸರೆಂದು ನಾನು ಹೇಳಲಿಲ್ಲ.

ಇವತ್ತು ಕಾರು ಕೈಗೆ ಬಂತು. ಬರಿಯ ಗಾಜು ನೋಡಲಾಗದೆ ಸೀದಾ ಮತ್ತಿಗಿರಿಯ ಸ್ಟಿಕ್ಕರ್ ಅಂಗಡಿಗೆ ಹೋದೆ.

"ಏನಂತ ಹಾಕ್ಲಣ್ಣ?"

"ದಿವ್ಯ." ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ.

"ಮಗಳಾ? ಪಕ್ಕದಾಗೆ ಒಂದು ಚಿಟ್ಟೆ ಹಾಕ್ಬುಡ್ತೀನಿ, ಕುಸಿ ಪಡ್ತಾಳೆ. ಎಷ್ಟನೇ ಕ್ಲಾಸು?"

"ಐದು" ಅಂದುಬಿಟ್ಟೆ.

ಅವಳು ತೀರಿಕೊಂಡಾಗ ಮೂರನೇ ಕ್ಲಾಸು. ಆಮೇಲೆ ಮೊನ್ನೆಯದೂ ಸೇರಿ ಎರಡು ಸಲ ಸ್ಕೂಲು ಶುರುವಾಗಿದೆ; ಪ್ರತಿ ಸಲವೂ ಮನಸ್ಸು ತಾನಾಗಿಯೇ ಅವಳನ್ನು ಪಾಸು ಮಾಡಿಸಿಕೊಂಡು ಬಂದಿರಬೇಕು.

ಮನೆ ಮುಂದೆ ನನ್ನ ಹೆಂಡತಿ ಪವಿತ್ರ ಗಾಜಿನ ಮೇಲೆ ಬೆರಳಾಡಿಸಿ, "ಚಿಟ್ಟೆ ಮೊದ್ಲು ಇರ್ಲಿಲ್ವಲ್ಲಾ?" ಅಂದಳು. ನಾನು ಒಳಗೆ ಬಂದೆ. ಅವಳು ಇನ್ನೂ ಅಲ್ಲೇ ನಿಂತಿದ್ದಾಳೆ.

ಮೂರನೇ ಕ್ಲಾಸಿನ ದಿವ್ಯಳಿಗೆ ಚಿಟ್ಟೆಯೆಂದರೆ ಜೀವ. ಐದನೇ ಕ್ಲಾಸಿನವಳಿಗೆ ಏನು ಇಷ್ಟವೋ, ನನಗೆ ಗೊತ್ತಿಲ್ಲ.