ಪುಡಿ ವಾಪಸ್ ಕೇಳಬೇಡಿ

ಸೀಸ ಕರಗಿಸುವ ಕಾರ್ಖಾನೆಯ ಯಜಮಾನರಿಗೆ,

ದನಗಳಿಗೆ ಸೀಸದ ವಿಷ ಏರದಿರಲಿ ಅಂತ ನೀವು ಹಂಚಿದ ವಿಟಮಿನ್ ಪುಡಿಯನ್ನು ನಮ್ಮ ಹಸುವಿಗೆ ತಪ್ಪದೆ ತಿನ್ನಿಸಿದೆ. ಈಗ ಅದಕ್ಕೆ ಕಣ್ಣು ಕಾಣುವುದಿಲ್ಲ. ಹಲ್ಲು ಕಡಿಯುತ್ತಾ ಗೋಡೆಗೆ ತಲೆಯೊತ್ತಿ ನಿಂತಿದೆ.

"ಪುಡಿ ಒಂಚೂರು ತಡೆಯುತ್ತೆ ಕಣಮ್ಮ. ದಿನಾ ಹೊಗೆ ಬಿದ್ದ ಹುಲ್ಲೇ ಮೇಯ್ತಿದ್ರೆ ಪುಡಿ ಏನು ಮಾಡೀತು?" ಅಂದರು ದನದ ಡಾಕ್ಟರು. ಹೊಗೆ ನಿಲ್ಲಿಸುವುದು ಬಿಟ್ಟು ಪುಡಿ ಹಂಚಿದಿರಲ್ಲ, ನಾಚಿಕೆಯಾಗಲಿಲ್ಲವೇ?

ಚಿಮಣಿ ನೀವು ಮುಚ್ಚುವವರಲ್ಲ, ಗೊತ್ತು. ಹಸು ಸತ್ತರೆ ಹೂಳಲು ಆಳು ಕಳಿಸಿ, ಬಾವಿಯಿಂದ ದೂರ ಹೂಳಲಿ. ಉಳಿದ ಪುಡಿಯನ್ನು ಮಾತ್ರ ವಾಪಸ್ ಕೇಳಬೇಡಿ. ಆ ಹಸುವಿನ ಹಾಲು ಕುಡಿದ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಳೆ. ಡಾಕ್ಟರ ಮಾತು ಕೇಳಿದ ಮೇಲೂ ಅವಳಿಗೆ ಆ ಪುಡಿಯನ್ನೇ ಕಲಸಿ ಕುಡಿಸುತ್ತಿದ್ದೇನೆ.

ನಮಸ್ಕಾರ ಹೇಳದೆ ಮುಗಿಸುವ,
ನಿಮ್ಮ ಕಾಂಪೌಂಡಿನಾಚೆ ಮನೆಯವಳು