ನಾನು ಜಜ್ಜಿ ಅಳಿಸಿದ ಮುದ್ರೆಗಳು, ಇನ್ನೂ ಸಿಗದ ಮೂರು ಸಿಲಿಂಡರ್‌ಗಳು

ಮಾನ್ಯ ಸಿಲಿಂಡರ್ ತಪಾಸಣಾಧಿಕಾರಿಗಳೇ,

ತಮ್ಮ ನೋಟಿಸು ಕೈಸೇರಿತು. ‘ಮೂವತ್ತೆಂಟು ಸಿಲಿಂಡರ್‌ಗಳ ಮೇಲಿನ ಸರ್ಕಾರಿ ಮುದ್ರೆಯನ್ನು ಸುತ್ತಿಗೆಯಿಂದ ವಿರೂಪಗೊಳಿಸಿರುತ್ತೀರಿ, ಏಕೆ ಕ್ರಮ ಜರುಗಿಸಬಾರದೆಂದು ಏಳು ದಿನಗಳೊಳಗೆ ತಿಳಿಸುವುದು’ ಎಂದಿದ್ದೀರಿ. ಹೌದು, ಹೊಡೆದೆ. ಗಂಡ ಸತ್ತ ಒಂಬತ್ತನೆಯ ದಿನ, ಒಂದೊಂದರ ಗಾಳಿಯನ್ನೂ ಪೂರ್ತಿ ಬಿಟ್ಟು, ನೆಲಕ್ಕೆ ಕೆಡವಿ, ಕಾಲಿನಿಂದ ಒತ್ತಿ ಹಿಡಿದು, ಅಂಕೆಗಳು ಗುರುತು ಸಿಗದಂತಾಗುವ ತನಕ ಜಜ್ಜಿದೆ. ಅಂಗೈ ಕಿತ್ತು ರಕ್ತ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ. ಇನ್ನೂ ಮೂರು ಸಿಲಿಂಡರ್ ನನ್ನ ಕೈಗೆ ಸಿಕ್ಕಿಲ್ಲ. ಉತ್ತರವನ್ನು ಲಕೋಟೆಯಲ್ಲಿ ಹಾಕದೆ ಎಲ್ಲರಿಗೂ ಕಾಣುವಂತೆ ಬರೆಯುತ್ತಿರುವುದು ಆ ಮೂರಕ್ಕಾಗಿ.

ನಾನು ಯಾರೆಂದು ತಮಗೆ ತಿಳಿದಿರಲಾರದು. ನಮ್ಮ ಅಂಗಡಿಗೆ ತಾವು ಒಮ್ಮೆಯೂ ಬಂದಿಲ್ಲವಲ್ಲ. ಈ ಗಿಜಿಗುಡುವ ಕಡಲತೀರದ ರೆಸಾರ್ಟಿನಲ್ಲಿ ಸ್ಕೂಬಾ ಡೈವಿಂಗಿಗೆ ಬರುವವರ ರಜೆಯನ್ನು ಫೋನಿನಲ್ಲೇ ಹೊಂದಿಸಿಕೊಡುವುದು ನನ್ನ ಕೆಲಸ. ಅವರು ಬೆನ್ನಿಗೆ ಕಟ್ಟಿಕೊಂಡು ನೀರೊಳಗೆ ಉಸಿರಾಡುವ ಸಿಲಿಂಡರ್‌ಗಳಿಗೆ ಗಾಳಿ ತುಂಬುವುದು ನನ್ನ ಗಂಡನ ಕೆಲಸವಾಗಿತ್ತು. ಈ ಸಲ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ತಮ್ಮ ತಂಗಿಯ ಜೊತೆ ಬರಲು ಎರಡು ತಿಂಗಳ ಮೊದಲೇ ತಯಾರಿ ನಡೆಸಿದ್ದರು. ಕಾಗದದಲ್ಲಿ ಪ್ರಶ್ನೆ ಬರೆದಿಟ್ಟುಕೊಂಡು ಕೇಳುವವರು. ಕಿಟಕಿ ಸಮುದ್ರದ ಕಡೆಗಿದೆಯೇ? ಹಾಡಿನ ಗದ್ದಲ ಎಷ್ಟು ಹೊತ್ತಿಗೆ ನಿಲ್ಲುತ್ತದೆ? ಕನ್ನಡಕ ಹಾಕುವವರು ನೀರೊಳಗೆ ಏನು ಮಾಡಬೇಕು? ಕೊನೆಗೆ, “ಅಲ್ಲಮ್ಮ, ಆ ಸಿಲಿಂಡರ್ ಗಟ್ಟಿಯಾಗಿದೆ ಅಂತ ನಮಗೆ ಹೇಗೆ ಗೊತ್ತಾಗತ್ತೆ?” ಎಂದರು.

“ಸರ್ಕಾರದ ಮುದ್ರೆ ಇದೆ ಮೇಡಂ. ನೀವು ಆರಾಮಾಗಿ ಬನ್ನಿ” ಎಂದೆ.

ಆ ಮುದ್ರೆಯ ಕಥೆಯನ್ನು ತಮಗೇ ಹೇಳುವುದು ಮೀನಿಗೆ ಈಜು ಕಲಿಸಿದಂತೆ. ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಿಯಮದ ಪ್ರಕಾರ ತಾವು ಬಂದು, ಪ್ರತಿ ಸಿಲಿಂಡರಿನೊಳಗೆ ದೀಪ ಬಿಟ್ಟು ತುಕ್ಕು ಇದೆಯೇ ನೋಡಬೇಕು. ನೀರು ತುಂಬಿಸಿ, ಒತ್ತಡ ಕೊಟ್ಟು, ಎಷ್ಟು ಹಿಗ್ಗಿತೆಂದು ಅಳೆಯಬೇಕು. ತಾಳಿಕೊಂಡರೆ ಮಾತ್ರ ಅದರ ಹೆಗಲ ಮೇಲೆ ತಾರೀಖು ಹೊಡೆಯಬೇಕು. ತಾವು ಉಕ್ಕಿನ ಅಚ್ಚುಗಳನ್ನು ಬಟ್ಟೆಯಲ್ಲಿ ಸುತ್ತಿ ಜವಾನನ ಕೈಲಿ ಕಳಿಸಿದಿರಿ.

“ಸಾಹೇಬ್ರಿಗೆ ಈ ಸೀಸನ್ ಟ್ರಾಫಿಕ್ಕಲ್ಲಿ ಬರೋಕಾಗಲ್ವಂತೆ. ನೀವೇ ಹೊಡ್ಕೊಂಡು ಸಂಜೆಯೊಳಗೆ ಅಚ್ಚು ವಾಪಸ್ ಕೊಡಿ, ಪಕ್ಕದ ಅಂಗಡಿಯವರೂ ಕಾಯ್ತಿದಾರೆ” ಎಂದ ಆತ.

ನನ್ನ ಗಂಡ ಅಚ್ಚನ್ನು ಮುಟ್ಟಲಿಲ್ಲ. “ಒಳಗೆ ಏನಿದೆ ಅಂತ ನೋಡದೆ ಹೇಗೆ ಹೊಡೆಯೋದೇ? ನನಗ್ಯಾಕೋ ಮನಸ್ಸು ಒಪ್ತಿಲ್ಲ.”

“ಸಾಹೇಬ್ರಿಗಿಲ್ಲದ ಯೋಚನೆ ನಿಮಗ್ಯಾಕ್ರೀ? ಗಟ್ಟಿಯಾಗಿ ಹಿಡ್ಕೊಳ್ಳಿ, ನಾನೇ ಹೊಡೀತೀನಿ” ಎಂದೆ.

ಅವರು ಹಿಡಿದರು, ನಾನು ಹೊಡೆದೆ. ನಲವತ್ತೆರಡು ಸಿಲಿಂಡರ್. ಮಧ್ಯೆ ಒಂದು ಸಲ ಚಹಾ ಕುಡಿದೆವು.

ಶಿಕ್ಷಕಿ ಬಂದ ಮರುದಿನ ಬೆಳಿಗ್ಗೆ ಅಕ್ಕತಂಗಿಯರಿಬ್ಬರೂ ಅಂಗಡಿಯ ಮುಂದೆ ಕಾಲಿಗೆ ಈಜುರೆಕ್ಕೆ ಕಟ್ಟಿಕೊಂಡು ಬಾತುಕೋಳಿಗಳಂತೆ ನಡೆದು ನಗುತ್ತಿದ್ದರು. ಹಿಂದಿನ ಕೋಣೆಯಲ್ಲಿ ನನ್ನ ಗಂಡ ಆಕೆಯ ಸಿಲಿಂಡರಿಗೆ ಗಾಳಿ ತುಂಬುತ್ತಿದ್ದರು. ಆಗ ಅದು ಸಿಡಿಯಿತು. ನನಗೆ ಸದ್ದು ಕೇಳಿಸಿದ ನೆನಪಿಲ್ಲ, ಎದೆಗೆ ಯಾರೋ ಒದ್ದಂತಾಯಿತು. ಮಾಡಿನ ತಗಡು ಹಾರಿ ರಸ್ತೆಗೆ ಬಿತ್ತು. ಗೋಡೆ ಇರಲಿಲ್ಲ. ನನ್ನ ಗಂಡನ ಬಲಗಾಲು ಮೊಣಕಾಲಿನಿಂದ ಕಿತ್ತು, ಒಣಹಾಕಿದ್ದ ಈಜುಡುಪುಗಳ ಕೆಳಗೆ ಚಪ್ಪಲಿಯ ಸಮೇತ ಬಿದ್ದಿತ್ತು. ಹೊಟ್ಟೆಯಲ್ಲಿ ಅಂಗೈಯಗಲದ ಉಕ್ಕಿನ ಚೂರು ನೆಟ್ಟಿತ್ತು. ಶಿಕ್ಷಕಿಯ ಕಿವಿಯಿಂದ ರಕ್ತ ಹರಿಯುತ್ತಿತ್ತು. ಆಕೆ ಓಡಿಬಂದು ತಮ್ಮ ಟವೆಲಿನಿಂದ ನನ್ನ ಗಂಡನ ತೊಡೆಯನ್ನು ಬಿಗಿಯಾಗಿ ಕಟ್ಟಿದರು. ಆಚೆ ಮರಳಿನ ಮೇಲಿದ್ದ ಜನ ಪಟಾಕಿ ಎಂದುಕೊಂಡು ಚಪ್ಪಾಳೆ ತಟ್ಟಿದರು, ಸ್ವಾಮಿ. ಹಾಡು ನಿಲ್ಲಲಿಲ್ಲ.

ಇನ್ನು ಹದಿನೈದು ನಿಮಿಷ ಆ ಸಿಲಿಂಡರ್ ತಾಳಿದ್ದರೆ ಶಿಕ್ಷಕಿಯ ಬೆನ್ನ ಮೇಲಿರುತ್ತಿತ್ತು. ನನ್ನ ಗಂಡ ಮಾರನೆಯ ದಿನ ಮಧ್ಯಾಹ್ನದವರೆಗೆ ಜೀವ ಹಿಡಿದುಕೊಂಡಿದ್ದರು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಮಿಕ್ಕಿದ್ದು ಯಾರಿಗೂ ಕೊಡಬೇಡ ಕಣೇ” ಎಂದರು. ಅಷ್ಟೇ.

ಅಷ್ಟರಲ್ಲಿ ಮೂರು ಹೋಗಿಯಾಗಿತ್ತು. ಜನ ಹೆಚ್ಚಾದ ದಿನ ಬೇರೆ ಅಂಗಡಿಯವರು ತಮ್ಮ ಖಾಲಿ ಸಿಲಿಂಡರ್ ಇಟ್ಟು ತುಂಬಿದ್ದನ್ನು ಒಯ್ಯುವುದು ಇಲ್ಲಿನ ರೂಢಿ. ಸ್ಫೋಟದ ಹಿಂದಿನ ದಿನ ಒಯ್ದ ಆ ಮೂರು ಆಗಲೇ ನಾಲ್ಕು ದೋಣಿಗಳ ಕೈ ದಾಟಿದ್ದವು. ದೋಣಿಯಿಂದ ದೋಣಿಗೆ ಅಲೆದೆ. ಒಬ್ಬ ಹುಟ್ಟು ಎತ್ತಿ ಹೊಡೆಯಲು ಬಂದ. “ಸೀಸನ್ ಹಾಳು ಮಾಡ್ಬೇಡ, ನಡಿ” ಎಂದ. ಕೊನೆಗೆ ತಮ್ಮ ಕಚೇರಿಗೆ ಬಂದೆ. ತಾವು ಹೇಳಿದ್ದು ಅಕ್ಷರಶಃ ನೆನಪಿದೆ: “ಮುದ್ರೆ ಇದೆ ಅಂದ್ಮೇಲೆ ತಪಾಸಣೆ ಆಗಿದೆ ಅಂತ ಅರ್ಥಾನಮ್ಮ. ಆದದ್ದನ್ನ ಮತ್ತೆ ಯಾಕೆ ಮಾಡ್ಬೇಕು? ನಿಮ್ಮ ಯಜಮಾನ್ರೇ ಗಾಳಿ ಜಾಸ್ತಿ ತುಂಬಿರಬೇಕು.”

ಸತ್ತವರ ಮೇಲೆ ಹೊರಿಸುವುದು ಎಷ್ಟು ಸಲೀಸು! ತಪಾಸಣೆಗೆ ಅಡ್ಡಬಂದ ಟ್ರಾಫಿಕ್ಕು ನೋಟಿಸಿಗೆ ಏಕೆ ಅಡ್ಡಬರಲಿಲ್ಲ? ಮುದ್ರೆ ಅಳಿಸಿದ ಮೂರೇ ದಿನದಲ್ಲಿ ಬಂತಲ್ಲ! ಕುಂಬಳಕಾಯಿ ಕಳ್ಳ ಎಂದರೆ ತಾವು ಹೆಗಲು ಮುಟ್ಟಿಕೊಂಡದ್ದೇಕೆ? ತಮ್ಮ ಹೊಟ್ಟೆಯಿಂದ ಒಂದು ಉಕ್ಕಿನ ಚೂರು ಎಳೆದು ತೆಗೆದಿದ್ದರೆ ತಪಾಸಣೆಯ ಅರ್ಥ ತಿಳಿಯುತ್ತಿತ್ತು ಎಂದು ನನಗೆ ದಿನಕ್ಕೆ ಹತ್ತು ಸಲ ಅನಿಸುತ್ತದೆ. ಹಾಗೆ ಅನಿಸುವುದಕ್ಕೆ ನಾಚಿಕೆಯೂ ಆಗುತ್ತಿಲ್ಲ.

ನನ್ನ ಬೇಡಿಕೆ ಕೇಳಿ. ನಾಳೆಯೇ ಈ ದಂಡೆಯಲ್ಲಿ ಗಾಳಿ ತುಂಬುವುದನ್ನು ನಿಲ್ಲಿಸಿ ಆ ಮೂರನ್ನು ಹುಡುಕಿಸಿ. ಆಗದು, ಎಲ್ಲವೂ ಗಟ್ಟಿಯಾಗಿಯೇ ಇವೆ ಎನ್ನುವುದಾದರೆ ಸಿಕ್ಕ ಮೊದಲನೆಯದಕ್ಕೆ ಗಾಳಿ ತುಂಬುವಾಗ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಿ. ಇನ್ನು, ನೋಟಿಸಿನಲ್ಲಿ ಅಪರಾಧ ತಪ್ಪಾಗಿ ನಮೂದಾಗಿದೆ. ಅಳಿಸಿದ್ದಕ್ಕಲ್ಲ, ಹೊಡೆದದ್ದಕ್ಕೆ ನನ್ನನ್ನು ಹಿಡಿಯಿರಿ. ಒಪ್ಪಿಕೊಳ್ಳುತ್ತೇನೆ, ಅಚ್ಚು ಯಾರು ಕಳಿಸಿದರೆಂದೂ ಹೇಳುತ್ತೇನೆ.

ಅಧಿಕಾರಿಗಳು ಇದನ್ನು ಕಡತದಲ್ಲಿ ಹೂಳುವ ಮುನ್ನ, ಇಲ್ಲಿಗೆ ರಜೆಗೆ ಬರಲು ಹೊರಟಿರುವವರು ಓದಿಕೊಳ್ಳಿ. ನಾನು ಎಡಚಿ. ನಾನು ಹೊಡೆದ ಅಂಕೆಗಳೆಲ್ಲ ಸ್ವಲ್ಪ ಎಡಕ್ಕೆ ವಾಲಿವೆ. ನಮ್ಮ ಅಂಗಡಿಯ ಸಿಲಿಂಡರ್‌ಗಳ ಬಣ್ಣ ಹಳದಿ; ಹಳದಿ ಸಿಲಿಂಡರಿನ ಮೇಲೆ ಹಾಗೆ ವಾಲಿದ ತಾರೀಖು ಕಂಡರೆ ಯಾರ ಮಾತನ್ನೂ ಕೇಳಬೇಡಿ. ಮುಟ್ಟದೆ ದೂರ ಓಡಿ.

ಇಂತಿ,
ಫೋನಿನಲ್ಲಿ “ಆರಾಮಾಗಿ ಬನ್ನಿ” ಎಂದವಳು