ಅಂಟಿಕೊಂಡ ಕಾಗದದ ಮನೆ

ಭಾನುವಾರ, ಮಧ್ಯಾಹ್ನ

ಮಗಳೇ,

ಹೀಗೆ ಕರೆಯಬಹುದೋ ಇಲ್ಲವೋ ಎಂದು ಯೋಚಿಸುವುದರಲ್ಲೇ ಒಂದು ಹಾಳೆ ದಂಡವಾಯಿತು. ಸೊಸೆ ಎಂದು ಬರೆಯಲು ಈಗ ನನಗೆ ಹಕ್ಕಿಲ್ಲ. ಹೆಸರು ಹಿಡಿದು ಬರೆದರೆ ಬ್ಯಾಂಕಿನವರು ಕಳಿಸಿದ ಕಾಗದದ ಹಾಗೆ ಕಾಣುತ್ತದೆ. ಕೊನೆಗೆ ನೀನು ಮದುವೆಯಾಗಿ ಬಂದ ದಿನದಿಂದ ಬಾಯಿಗೆ ರೂಢಿಯಾದದ್ದನ್ನೇ ಬರೆದೆ. ಬೇಡವೆನಿಸಿದರೆ ಅದೊಂದು ಪದ ಬಿಟ್ಟು ಓದು. ನನ್ನ ಮಗನ ವಿಷಯ ಇದರಲ್ಲಿ ಒಂದಕ್ಷರವೂ ಇಲ್ಲ. ಅವನು ನಿಮ್ಮನ್ನೆಲ್ಲ ಬಿಟ್ಟು ಹೋದ ಮೇಲೆ ಅವನ ಪರವಾಗಿ ನಾನು ಬಾಯಿ ತೆರೆದಿಲ್ಲ, ತೆರೆಯುವುದೂ ಇಲ್ಲ.

ಮಕ್ಕಳು ಇಲ್ಲಿ ಮರೆತುಹೋದ ಸಾಮಾನು ಪೊಟ್ಟಣದಲ್ಲಿದೆ. ಗುಂಡನ ಒಂದು ಕಾಲುಚೀಲ (ಇನ್ನೊಂದು ಎಲ್ಲಿ ಹೋಯಿತೋ ಅವನಿಗೇ ಗೊತ್ತು), ಅವನ ಅಕ್ಕ ನಮ್ಮ ಪಟಾಕಿಯ ತಲೆಯ ಕ್ಲಿಪ್ಪು, ಹಾಲಿನ ಡಬ್ಬಿಯ ರಟ್ಟಿನಲ್ಲಿ ಮಾಡಿದ ದೋಣಿ. ಮುಖ್ಯವಾದ ಒಂದು ವಸ್ತು ಮಾತ್ರ ಇದರಲ್ಲಿಲ್ಲ. ಅದು ಯಾಕಿಲ್ಲ ಎಂದು ಹೇಳುವುದಕ್ಕೇ ಈ ಪತ್ರ.

ಮಕ್ಕಳನ್ನು ಬಿಡಲು ಬಂದ ದಿನ ನೀನು ಟ್ಯಾಕ್ಸಿ ನಿಲ್ಲಿಸಿಕೊಂಡೇ ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಆಸ್ಪತ್ರೆಯಲ್ಲಿ ನರ್ಸುಗಳು ಸಾಲುತ್ತಿಲ್ಲ, ನಿನಗೆ ರಜೆ ಕೊಡಲಿಲ್ಲ, ಬೇರೆ ದಾರಿ ಕಾಣದೆ ಬಂದೆ ಎಂದು ನೀನು ಹೇಳಿದೆ. ಈ ಸಲ ಮಾತ್ರ ಎಂದೂ ಹೇಳಿದೆ. ಒಳಗೆ ಬಾ ಎಂದು ನಾನು ಕರೆಯುವಷ್ಟರಲ್ಲಿ ಗಾಡಿ ಹೊರಟೇಹೋಯಿತು. ಆ 'ಮಾತ್ರ' ಮಕ್ಕಳ ರಜೆ ಪೂರ್ತಿ ನನ್ನ ಕಿವಿಯಲ್ಲೇ ಕೂತಿತ್ತು.

ನಾನು ಪುಸ್ತಕ ಬೈಂಡಿಂಗ್ ಮಾಡುತ್ತಲೇ ಆಯುಸ್ಸು ಕಳೆದವಳು. ನನ್ನ ಕೆಲಸದಲ್ಲಿ ಆತುರ ನಡೆಯುವುದಿಲ್ಲ. ನಿನ್ನ ಮಕ್ಕಳಿಗೋ, ಐದು ನಿಮಿಷದಲ್ಲಿ ಮುಗಿಯುವಂಥದ್ದೇ ಬೇಕು. ಫೋನಿನಲ್ಲಿ ಯಾವಳೋ ಒಬ್ಬಳು ಮಾಡಿ ತೋರಿಸುತ್ತಾಳಂತೆ. ಆ ಮಹಾತಾಯಿಗೆ ಅಂಟು ಒಣಗುವುದೂ ಬೇಕಿಲ್ಲ, ಹಚ್ಚಿದಳು, ಆಯಿತು. ನಾನೂ ಅವಳ ಜೊತೆ ಪೈಪೋಟಿಗೆ ಬಿದ್ದೆ. ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಗಿರಗಿಟ್ಟಲೆ, ಬಾಟಲಿ ಮುಚ್ಚಳಗಳ ರೈಲು, ಕಾಲುಚೀಲಕ್ಕೆ ಗುಂಡಿ ಹೊಲಿದು ಕಣ್ಣು ಮಾಡಿದ ನಾಯಿ. ಅಯ್ಯೋ, ಕಾಣೆಯಾದ ಕಾಲುಚೀಲ ಅದೇ! ನಾಯಿ ಅವನ ಚೀಲದಲ್ಲಿ ಇರಬೇಕು, ನೋಡು.

ಕಡೆಯಲ್ಲಿ ನಿನಗೆಂದು ಒಂದು ಕಾರ್ಡು ಮಾಡಲು ಕೂತರು. ಮಡಿಸಿದ ರಟ್ಟನ್ನು ಬಿಡಿಸಿದರೆ ಒಳಗಿನಿಂದ ಮನೆ ಎದ್ದು ನಿಲ್ಲುವಂಥದ್ದು. ಗುಂಡ ಕಿಟಕಿ ಕತ್ತರಿಸುತ್ತಾ ಹೋಗಿ ಗೋಡೆಯೇ ಉಳಿಯಲಿಲ್ಲ. ಪಟಾಕಿ ಮನುಷ್ಯರನ್ನು ಕತ್ತರಿಸಿದಳು. ನೀನು, ತಾನು, ತಮ್ಮ, ನಾನು. ನನ್ನ ಗೊಂಬೆಗೆ ಕನ್ನಡಕ ಬರೆಯುತ್ತಾ, ತಲೆಯೆತ್ತದೆ ಕೇಳಿದಳು.

"ಅಜ್ಜಿ, ಈಗ ನೀನು ಅಮ್ಮಂಗೆ ಏನಾಗ್ಬೇಕು?"

ನಾನು ಅಂಟಿನ ಬಟ್ಟಲನ್ನು ಕಲಕುತ್ತಾ ಕೂತೆ. ನನಗೆ ಅರ್ಥವಾಗಲಿಲ್ಲವೆಂದುಕೊಂಡು ಅವಳೇ ಬಿಡಿಸಿ ಹೇಳಿದಳು. ತಮಗೆ ನಾನು ಯಾವತ್ತಿದ್ದರೂ ಅಜ್ಜಿಯೇ, ಅದು ಹೋಗುವುದಿಲ್ಲ ಎಂದು ನೀನು ಹೇಳಿದ್ದೀಯಂತೆ. ಹಾಗಾದರೆ ಅಮ್ಮನಿಗೆ ಏನು ಎಂಬುದು ಅವಳ ಪ್ರಶ್ನೆ. ನೀನು ಹಾಗೆ ಹೇಳಿದ್ದೀಯೆಂಬುದೇ ನನಗೆ ಹೊಸದು. ಮೊದಲು ಅಂಟು ಒಣಗಲಿ, ಆಮೇಲೆ ಹೇಳುತ್ತೇನೆ ಎಂದುಬಿಟ್ಟೆ.

ಆ ಗಲಿಬಿಲಿಯಲ್ಲಿ ಕೈ ತನ್ನ ಹಳೆಯ ಚಾಳಿ ಬಿಡಲಿಲ್ಲ. ಹಸಿ ಅಂಟಿದ್ದ ರಟ್ಟನ್ನು ಮುಚ್ಚಿ, ಒತ್ತಿ, ಮೇಲೆ ಇಸ್ತ್ರಿಪೆಟ್ಟಿಗೆ, ಅದರ ಮೇಲೆ ರುಬ್ಬುವ ಕಲ್ಲಿನ ಗುಂಡು ಇಟ್ಟು ಮಲಗಿದೆ. ಪುಸ್ತಕವಾದರೆ ಹಾಗೇ ಮಾಡಬೇಕು. ಎದ್ದು ನಿಲ್ಲಬೇಕಾದ ಮನೆಯನ್ನು ಯಾರಾದರೂ ಹಾಗೆ ಒತ್ತುತ್ತಾರೆಯೇ? ಬೆಳಿಗ್ಗೆ ನೋಡಿದರೆ ಕಾರ್ಡು ಹಲಗೆಯಾಗಿದೆ. ಮನೆ, ಕಿಟಕಿ, ನಾವು ನಾಲ್ವರು, ಎಲ್ಲ ಒಳಗೇ ಅಂಟಿ ಒಂದಾಗಿದ್ದೇವೆ. ಪಟಾಕಿ ಅತ್ತ ಅಳುವಿಗೆ ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸಿದರು. ಗುಂಡ ಮಾತ್ರ ಒಳಗಿರುವವರಿಗೆ ಉಸಿರು ಕಟ್ಟುವುದಿಲ್ಲವೇ ಎಂದು ಕೇಳಿದ.

ಬೈಂಡಿಂಗ್ ಅಂಟು ಹಾಗೆಲ್ಲ ಬೇಗ ಬಿಡುವುದಿಲ್ಲ, ಮುಂದಿನ ರಜೆಯ ಹೊತ್ತಿಗೆ ತಾನಾಗಿ ಸಡಿಲವಾಗುತ್ತದೆ, ಅಲ್ಲಿಯವರೆಗೆ ನನ್ನ ಹತ್ತಿರವೇ ಇರಲಿ ಎಂದು ಅವಳಿಗೆ ಹೇಳಿದೆ. ನಂಬಿದಳು. ತಾನು ಬರುವವರೆಗೆ ತೆರೆಯಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಹಾಗಾಗಿ ನಿನ್ನ ಕಾರ್ಡು ಇಲ್ಲೇ ಕಿಟಕಿಯ ಪಕ್ಕದ ಕಪಾಟಿನಲ್ಲಿದೆ.

ಅವರು ಹೋದ ಮೇಲೆ ನಾನು ಮನೆ ಗುಡಿಸಿಲ್ಲ. ಮೇಜಿನ ಕೆಳಗೆ ಕಾಗದದ ಚೂರುಗಳು ಹಾಗೇ ಬಿದ್ದಿವೆ. ಹಾರಿಹೋಗುತ್ತವೆಂದು ಫ್ಯಾನು ಹಾಕುತ್ತಿಲ್ಲ. ಸೆಖೆಗೆ ಜೀವ ಹೋಗುತ್ತದೆ, ಇರಲಿ. ನನಗೆ ಮಕ್ಕಳು ಬೇಕು ಅನ್ನಿಸುತ್ತದೆ, ನೀನೂ ಬೇಕು ಅನ್ನಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವಳು ಅಡುಗೆಮನೆಯ ಕಟ್ಟೆ ಹತ್ತಿ ಕೂತು, ಕಾಲು ಅಲ್ಲಾಡಿಸುತ್ತಾ ವಾರ್ಡಿನ ಕಥೆ ಹೇಳಿ ನನ್ನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದೆಯಲ್ಲ. ಆ ಜಾಗದಲ್ಲಿ ಈಗ ಡಬ್ಬಿಗಳನ್ನು ಇಟ್ಟಿದ್ದೇನೆ. ಅವನ್ನು ಎತ್ತಿಡುವುದೇನೂ ದೊಡ್ಡ ಕೆಲಸವಲ್ಲ.

ಮಕ್ಕಳಿಗೆ ಮುತ್ತು ಕೊಡು. ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ,
ಮಕ್ಕಳ ಅಜ್ಜಿ
(ನಿನಗೆ ಏನಾಗಬೇಕು ಎಂಬುದನ್ನು ನೀನೇ ಬರೆದುಕೋ)

ತಾ.ಕ.: ಅಂಟಿನ ವಿಷಯ ಮಗುವಿಗೆ ಹೇಳಿದ್ದು ಶುದ್ಧ ಸುಳ್ಳು. ಅದು ಬರೀ ಮೈದಾ ಹಿಟ್ಟಿನ ಅಂಟು, ಕೆಟಲಿನ ಹಬೆಗೆ ಹಿಡಿದರೆ ಆಗಲೇ ಬಿಡುತ್ತದೆ. ಮುಂದಿನ ರಜೆ ಬೇಕಾಗಿರುವುದು ಅಂಟಿಗಲ್ಲ, ನನಗೆ. ಇದು ಗೊತ್ತಿರುವುದು ಈಗ ನಿನಗೊಬ್ಬಳಿಗೇ. ನೀನು ಪಟಾಕಿಗೆ ನಿಜ ಹೇಳಿದರೆ ಬೇಸರವಿಲ್ಲ, ಕಾರ್ಡನ್ನು ಅಂಚೆಗೆ ಹಾಕುತ್ತೇನೆ. ಏನೂ ಹೇಳದೆ ಸುಮ್ಮನಿದ್ದೆಯಾದರೆ, ಮುಂದಿನ ರಜೆಗೆ ಬಂದಾಗ ಟ್ಯಾಕ್ಸಿಯನ್ನು ನಿಲ್ಲಿಸಿಕೊಳ್ಳದೆ ಕಳಿಸಿಬಿಡು.